ಕೋಡಿಯ ಕೆಳಗಿನ ಕಾನೂನು: ಹವಾಮಾನ ಒಪ್ಪಂದಗಳು ಮತ್ತು ವರ್ತೂರು ಕಣಿವೆ



2025ರ ಜುಲೈ 23ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು ಹವಾಮಾನ ಬದಲಾವಣೆಯ ವಿಷಯದಲ್ಲಿ ರಾಷ್ಟ್ರಗಳ ಹೊಣೆ ಏನೆಂಬ ಪ್ರಶ್ನೆಗೆ ತನ್ನ ಸಲಹಾ ಅಭಿಪ್ರಾಯ ನೀಡಿತು. ಪೆಸಿಫಿಕ್ ದ್ವೀಪಗಳ ಕೆಲವು ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಎತ್ತಿದ ಮಾತು ಅದು. ವನುವಾಟು ಎಂಬ ಪುಟ್ಟ ದೇಶ ಅದನ್ನು ಹೊತ್ತು ತಿರುಗಿ, 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ನಿರ್ಣಯವಾಗಿಸಿತು. ನ್ಯಾಯಾಲಯದ ಉತ್ತರ ಸರ್ವಾನುಮತದ್ದು. ಹವಾಮಾನ ಒಪ್ಪಂದಗಳಿಗೆ ಸಹಿ ಹಾಕಿದ ಮಾತ್ರಕ್ಕೆ ಒಂದು ದೇಶದ ಹೊಣೆ ಮುಗಿಯುವುದಿಲ್ಲ. ಒಪ್ಪಂದದ ಆಚೆಗೂ, ಪರಿಸರಕ್ಕೆ ಗಣನೀಯ ಹಾನಿಯಾಗದಂತೆ ತಡೆಯುವ ಹಳೆಯ ವಾಡಿಕೆಯ ಕಾನೂನು ಪ್ರತಿಯೊಂದು ದೇಶವನ್ನೂ ಕಟ್ಟಿಹಾಕುತ್ತದೆ. ತನ್ನ ನೆಲದಲ್ಲಿರುವ ಖಾಸಗಿ ಉದ್ಯಮಗಳನ್ನು ಹದ್ದುಬಸ್ತಿನಲ್ಲಿಡಲು ತಕ್ಕ ಎಚ್ಚರ ವಹಿಸದಿದ್ದರೆ ಅದೂ ಆ ದೇಶದ ತಪ್ಪೇ ಆಗಬಹುದು. ಈ ಅಭಿಪ್ರಾಯಕ್ಕೆ ತೀರ್ಪಿನ ಬಲವಿಲ್ಲ, ನಿಜ. ಆದರೆ ಇನ್ನು ಮುಂದೆ ಯಾವ ದೇಶದ ನ್ಯಾಯಾಲಯವೂ ಇದನ್ನು ಓದದೆ ಮುಂದೆ ಹೋಗುವುದು ಕಷ್ಟ. ಈ ದತ್ತಿ ಉಪನ್ಯಾಸದಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಒಂದೇ: ಹೇಗ್‌ನಲ್ಲಿ ಹೇಳಿದ ಈ ಹೊಣೆ ಬೆಂಗಳೂರಿನ ವರ್ತೂರಿನವರೆಗೆ ಬರುತ್ತದೆಯೆ? ಬರದಿದ್ದರೆ ದಾರಿಯಲ್ಲಿ ಎಲ್ಲಿ ನಿಲ್ಲುತ್ತದೆ? ನಾಲೆಯ ಮೊದಲ ಭಾಗದ ಗದ್ದೆಗೆ ಯಥೇಚ್ಛವಾಗಿ ನೀರು ಸಿಕ್ಕು ಕೊನೆಯ ಭಾಗದ ರೈತ ಒಣಗುವುದು ನಮಗೆ ಗೊತ್ತಿರುವ ಸಂಗತಿ. ಹವಾಮಾನ ಕಾನೂನಿನಲ್ಲೂ ಆಗಿರುವುದು ಅದೇ ಎಂಬುದು ನನ್ನ ವಾದ. ಹೊಣೆ ಹೊತ್ತವರು ದೆಹಲಿಯಲ್ಲಿದ್ದಾರೆ. ಆ ಹೊಣೆ ತೀರಿಸಲು ಬೇಕಾದ ಅಧಿಕಾರ, ಅಂದರೆ ಭೂಮಿ, ಚರಂಡಿ, ಕೊಳಚೆ, ಕೆರೆಯಂಗಳದ ಮೇಲಿನ ಅಧಿಕಾರ, ವಿಧಾನಸೌಧದಲ್ಲಿಯೂ ಪಾಲಿಕೆಯಲ್ಲಿಯೂ ಇದೆ. ಇವೆರಡನ್ನೂ ಜೋಡಿಸುವ ಕಾನೂನು ನಮ್ಮಲ್ಲಿಲ್ಲ. ಅದನ್ನು ಮಾಡುವ ಶಕ್ತಿ ಇರುವುದು ಕರ್ನಾಟಕದ ವಿಧಾನಮಂಡಲಕ್ಕೆ.

ಮೊದಲು ಸ್ಥಳವನ್ನು ನೋಡೋಣ. ಬೆಂಗಳೂರಿನ ನೀರು ಹರಿಯುವುದು ಮೂರು ದೊಡ್ಡ ಕಣಿವೆಗಳಲ್ಲಿ: ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ. ಇವುಗಳಲ್ಲಿ ಎರಡನೆಯದರ ನೀರು ಬೆಳ್ಳಂದೂರು ಕೆರೆಗೆ ಇಳಿದು, ಅಲ್ಲಿಂದ ವರ್ತೂರು ಕೆರೆಗೆ ಬಂದು, ಕೋಡಿ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹೋಗುತ್ತದೆ. ಬೆಳ್ಳಂದೂರು ನಗರದ ಅತಿ ದೊಡ್ಡ ಕೆರೆ. ಸುಮಾರು 440 ಎಕರೆಯ ವರ್ತೂರು ಕೆರೆಗೆ ಅದರ ನಂತರದ ಸ್ಥಾನ. ಎರಡೂ ಮಳೆನೀರು ನಿಲ್ಲಿಸಲೆಂದು ಕಟ್ಟಿದವು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲವೂ ಇದ್ದವು, ನೀರು ಬಿಡಲು ನೀರಗಂಟಿಯೂ ಇದ್ದ. ಆಮೇಲೆ ನಗರದ ಕೊಳಚೆಯ ದೊಡ್ಡ ಪಾಲು ಈ ಕಣಿವೆಗೇ ಇಳಿಯತೊಡಗಿದ್ದರಿಂದ ಕೆರೆಗಳು ಬೇಸಿಗೆಯಲ್ಲೂ ತುಂಬಿರುತ್ತಿದ್ದವು. ತುಂಬಿದ ಕೆರೆ ಆರೋಗ್ಯದ ಗುರುತೆಂದು ನಂಬಿ ಬೆಳೆದ ನಾಡಿಗೆ ಇದೊಂದು ವಿಚಿತ್ರ ದೃಶ್ಯ. 2015ರಿಂದ ವರ್ತೂರು ಕೋಡಿಯಲ್ಲಿ ರಸ್ತೆಗೆ ಹಾರಿದ ನೊರೆಯ ಚಿತ್ರಗಳು ಲೋಕವನ್ನೆಲ್ಲ ಸುತ್ತಿದವು. ವಾಹನಗಳ ಮೇಲೆ ಬೀಳದಿರಲಿ ಎಂದು ಪಾಲಿಕೆ ಬಲೆಯ ಬೇಲಿ ಕಟ್ಟಿತು. ಮೇಲಿನ ಬೆಳ್ಳಂದೂರು ಕೆರೆಯಲ್ಲಿ 2015ರ ಮೇ, 2017ರ ಫೆಬ್ರುವರಿ, 2018ರ ಜನವರಿಯಲ್ಲಿ ಬೆಂಕಿ ಎದ್ದಿತು. ಕೊನೆಯ ಸಲ ಅದನ್ನು ಆರಿಸಲು ಸಾವಿರಾರು ಯೋಧರು ಬರಬೇಕಾಯಿತು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. 2018ರ ಡಿಸೆಂಬರ್‌ನಲ್ಲಿ ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಕ್ರಿಯಾ ಯೋಜನೆಗೆ ರಾಜ್ಯ 500 ಕೋಟಿ ರೂಪಾಯಿ ತೆಗೆದಿಡಬೇಕು, ಪರಿಹಾರವಾಗಿ ರಾಜ್ಯ 50 ಕೋಟಿ, ಪಾಲಿಕೆ 25 ಕೋಟಿ ಕಟ್ಟಬೇಕು ಎಂದು ಆದೇಶಿಸಿ, ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ನೇತೃತ್ವದಲ್ಲಿ ಉಸ್ತುವಾರಿ ಸಮಿತಿಯನ್ನೂ ನೇಮಿಸಿತು.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದುದಲ್ಲ. ಇದು ಮಾಲಿನ್ಯದ ಕತೆ, ಕೆಟ್ಟ ನಗರ ಯೋಜನೆಯ ಕತೆ. ಇದಕ್ಕೆ ಹವಾಮಾನದ ಹೆಸರೇಕೆ ಎಂದು ಕೇಳುವವರಿದ್ದಾರೆ. ನೊರೆಗೆ ಕಾರಣ ಸಾಬೂನು ಪುಡಿ, ಸಂಸ್ಕರಿಸದ ಕೊಳಚೆ; ಆ ನೊರೆಗೂ ಭೂಮಿಯ ತಾಪಮಾನಕ್ಕೂ ಸಂಬಂಧವಿಲ್ಲ, ಒಪ್ಪುತ್ತೇನೆ. ಪ್ರವಾಹದ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಪ್ಪಬೇಕು. 2022ರ ಸೆಪ್ಟೆಂಬರ್ 5ರ ಬೆಳಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರು ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆ, ವರ್ತೂರು ಸುತ್ತಿನ ಬಡಾವಣೆಗಳು ಮುಳುಗಿದವು. ಕೋಟಿ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಆದರೆ 1988ರ ಸೆಪ್ಟೆಂಬರ್ 12ರಂದು ಇದೇ ನಗರದಲ್ಲಿ 177.6 ಮಿ.ಮೀ. ಮಳೆ ಸುರಿದಿತ್ತು. 2014ರ ಸೆಪ್ಟೆಂಬರ್‌ನಲ್ಲಿಯೂ 130 ಮಿ.ಮೀ. ದಾಟಿದ ದಿನವೊಂದಿದೆ. ಅಂಥ ಮಳೆ ಈ ಊರಿಗೆ ಹೊಸದಲ್ಲ. ಅದು ಇಳಿದುಹೋಗುತ್ತಿದ್ದ ದಾರಿ ಇಲ್ಲವಾದದ್ದು ಹೊಸದು. ಮಳೆನೀರು ನಿರ್ವಹಣೆ ಕುರಿತ ಮಹಾಲೇಖಪಾಲರ 2021ರ ವರದಿ, ಕೋರಮಂಗಲ ಕಣಿವೆಯಲ್ಲಿ ಕಳೆದ ಶತಮಾನದ ಆರಂಭಕ್ಕೆ ಸುಮಾರು 113 ಕಿ.ಮೀ. ಇದ್ದ ಕಾಲುವೆಗಳು 2016-17ರ ಹೊತ್ತಿಗೆ 63 ಕಿ.ಮೀ.ಗೆ ಇಳಿದದ್ದನ್ನು ಎತ್ತಿ ತೋರಿಸಿತು. ಮುಳುಗಿದ ಮರುದಿನವೇ 'ಹವಾಮಾನ ವೈಪರೀತ್ಯ' ಎಂದು ಆಕಾಶದ ಕಡೆ ಕೈ ತೋರಿಸುವ ಅಧಿಕಾರಿಯ ಮಾತನ್ನು ಈ ಅಂಕಿಯ ಪಕ್ಕದಲ್ಲಿಟ್ಟು ಓದಬೇಕು.

ಹಾಗಾದರೆ ಹವಾಮಾನದ ಮಾತು ಬೇಡವೆ? ಬೇಕು, ಆದರೆ ನೆಪವಾಗಿ ಬೇಡ. ಅದೇ 2022ರಲ್ಲಿ ನಗರದ ವಾರ್ಷಿಕ ಮಳೆ 2017ರ 1,696 ಮಿ.ಮೀ. ದಾಖಲೆಯನ್ನು ಅಕ್ಟೋಬರ್ ಮುಗಿಯುವ ಮುನ್ನವೇ ಮುರಿಯಿತು. ಎರಡನೆಯ ವರ್ಷಕ್ಕೆ, 2024ರ ಮಾರ್ಚ್‌ನಲ್ಲಿ, ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿವೆ ಎಂದು ರಾಜ್ಯ ಸರ್ಕಾರವೇ ಹೇಳಿತು. ವರ್ತೂರು ಸೇರಿರುವ ಮಹದೇವಪುರ ಭಾಗದಲ್ಲಿ ಟ್ಯಾಂಕರ್ ನೀರಿನ ದರಕ್ಕೆ ಮಿತಿ ಗೊತ್ತುಮಾಡಬೇಕಾಯಿತು. ಹದಿನೆಂಟು ತಿಂಗಳ ಅಂತರದಲ್ಲಿ ಮುಳುಗಿದ್ದೂ ಬಾಯಾರಿದ್ದೂ ಒಂದೇ ಪ್ರದೇಶ. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಬಂದರೆ ಧೋ ಎಂದು ಬರುತ್ತದೆ, ಬಾರದಿದ್ದರೆ ಬಹಳ ದಿನ ಬಾರದು. ವಿಜ್ಞಾನ ಮುಂದಿನ ದಶಕಗಳಿಗೆ ಹೇಳುತ್ತಿರುವುದು ಇಷ್ಟು. ಹಳೆಯ ಮಳೆಯನ್ನೇ ತಾಳಲಾಗದ ಕಣಿವೆ ಹೊಸ ಮಳೆಯನ್ನು ಹೇಗೆ ತಾಳೀತು? ಆದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಹವಾಮಾನ ಬದಲಾವಣೆ ಅಧಿಕಾರಿಯ ಹೊಣೆಯನ್ನು ತಗ್ಗಿಸುವುದಿಲ್ಲ. ಮುನ್ನೆಚ್ಚರಿಕೆ ಸಿಕ್ಕಿರುವುದರಿಂದ ಹೆಚ್ಚಿಸುತ್ತದೆ. ಅಪಾಯ ಗೊತ್ತಿದ್ದೂ ಸುಮ್ಮನಿದ್ದವನನ್ನು, ಗೊತ್ತಿಲ್ಲದೆ ಸುಮ್ಮನಿದ್ದವನಿಗಿಂತ ಬಿಗಿಯಾಗಿ ಅಳೆಯಬೇಕು. ಹೇಗ್‌ನ ನ್ಯಾಯಾಲಯ ಹೇಳಿದ 'ತಕ್ಕ ಎಚ್ಚರ'ದ ತಿರುಳೂ ಇದೇ.

ಕೊಳಚೆಗೂ ತಾಪಮಾನಕ್ಕೂ ನೇರ ನಂಟು ಇಲ್ಲವೇ ಇಲ್ಲ ಎನ್ನುವ ಹಾಗೂ ಇಲ್ಲ. ಗಾಳಿಯಾಡದ ಹೂಳಿನಲ್ಲಿ ಸಾವಯವ ಕಸ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ನೋಡಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ. ಭಾರತ ವಿಶ್ವಸಂಸ್ಥೆಗೆ ಒಪ್ಪಿಸುವ ಲೆಕ್ಕದಲ್ಲಿ ಇಡೀ ತ್ಯಾಜ್ಯ ವಲಯದ ಪಾಲು ಶೇ. 3ರ ಒಳಗೇ ಇದೆ. ಅದರಲ್ಲಿ ವರ್ತೂರಿನ ಪಾಲು ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಗಾತ್ರಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಲೆಕ್ಕ ಬರೆಯುವ ರೀತಿ. ಕೊಳಚೆಯ ಮೀಥೇನನ್ನು ಲೆಕ್ಕ ಹಾಕುವುದು ಜನಸಂಖ್ಯೆಗೆ ತಲಾ ಇಷ್ಟು ಕಸವೆಂದು ಹಿಡಿದು, ಅದಕ್ಕೊಂದು ಗುಣಕ ಹಾಕಿ. ಆ ಲೆಕ್ಕದಲ್ಲಿ ದೇಶವಿದೆ, ಕೆರೆಯಿಲ್ಲ. ಕೊಳಚೆ ನೀರನ್ನು ಸಂಸ್ಕರಿಸಿ ಬಿಟ್ಟ ಎಂಜಿನಿಯರಿಗೂ ಹಾಗೇ ಬಿಟ್ಟ ಎಂಜಿನಿಯರಿಗೂ ದೇಶದ ಹವಾಮಾನ ಖಾತೆಯಲ್ಲಿ ಹೆಸರಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಂಪನಿಗಳು ವರ್ಷಕ್ಕೊಮ್ಮೆ ಇಂಗಾಲದ ವರದಿ ಹೊರಡಿಸುತ್ತವೆ. ವಿದ್ಯುತ್ತು, ವಿಮಾನ ಪ್ರಯಾಣ, ನೌಕರರ ಓಡಾಟದ ಲೆಕ್ಕ ಅಲ್ಲಿ ಸಿಗುತ್ತದೆ. ಕ್ಯಾಂಪಸ್ಸಿನ ಕೊಳಚೆ ನೀರು ಕಾಂಪೌಂಡ್ ದಾಟಿ ರಾಜಕಾಲುವೆಗೆ ಇಳಿದ ಮೇಲೆ ಏನಾಯಿತೆಂಬುದು ಯಾರ ವರದಿಗೂ ಸೇರಿದ್ದಲ್ಲ.

ಈಗ ಒಪ್ಪಂದದಿಂದ ಕೆಳಗಿಳಿಯೋಣ. ಅಂತರರಾಷ್ಟ್ರೀಯ ಕಾನೂನು ಭಾರತಕ್ಕೆ ಹೊರಗಿನ ವಸ್ತುವಲ್ಲ. ಅದನ್ನು ಗೌರವಿಸಬೇಕೆಂದು ಸಂವಿಧಾನದ 51ನೇ ವಿಧಿ ಹೇಳುತ್ತದೆ. ಒಪ್ಪಂದ ಜಾರಿಗೊಳಿಸಲು ರಾಜ್ಯಪಟ್ಟಿಯ ವಿಷಯದಲ್ಲೂ ಕಾನೂನು ಮಾಡುವ ಅಧಿಕಾರವನ್ನು 253ನೇ ವಿಧಿ ಸಂಸತ್ತಿಗೆ ಕೊಡುತ್ತದೆ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ಮಾತು 1986ರ ಪರಿಸರ ಸಂರಕ್ಷಣಾ ಕಾಯ್ದೆಯಾದದ್ದು ಈ ದಾರಿಯಲ್ಲಿ. 1996ರಲ್ಲಿ ವೆಲ್ಲೂರು ನಾಗರಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುನ್ನೆಚ್ಚರಿಕೆಯ ತತ್ವವನ್ನೂ, ಕೆಡಿಸಿದವನೇ ತೆರಬೇಕೆಂಬ ತತ್ವವನ್ನೂ ಈ ನೆಲದ ಕಾನೂನೆಂದು ಸಾರಿತು. ಆ ಪ್ರಕರಣ ಪಾಲಾರ್ ನದಿಯನ್ನು ಕೆಡಿಸಿದ ಚರ್ಮ ಹದಮಾಡುವ ಕಾರ್ಖಾನೆಗಳದು. ಪಾಲಾರ್ ಹುಟ್ಟುವುದು ನಮ್ಮದೇ ಕೋಲಾರ–ಚಿಕ್ಕಬಳ್ಳಾಪುರ ಸೀಮೆಯಲ್ಲಿ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆ ಇದೇ ತತ್ವಗಳನ್ನು ತನ್ನ 20ನೇ ಕಲಮಿನಲ್ಲಿ ಬರೆದಿಟ್ಟಿತು. 2024ರ ಮಾರ್ಚ್ 21ರಂದು ಎಂ.ಕೆ. ರಂಜಿತ್‌ಸಿಂಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಗಳೊಳಗಿನ ಹಕ್ಕು ಎಂದಿತು. ಅದು ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಪ್ರಾಣ ಮತ್ತು ಸೌರ ವಿದ್ಯುತ್ತಿನ ತಂತಿಗಳ ನಡುವಿನ ವ್ಯಾಜ್ಯ ಎಂಬುದನ್ನು ಮರೆಯಬಾರದು. ಆ ಹಕ್ಕು ಅಲ್ಲಿ ತಂತಿಗಳ ಪರವಾಗಿ ತೂಗಿತು. ಅದೇ ತೀರ್ಪು, ಹವಾಮಾನಕ್ಕೆಂದೇ ಒಂದು ಸಮಗ್ರ ಕಾನೂನು ದೇಶದಲ್ಲಿಲ್ಲ ಎಂಬುದನ್ನೂ ಗುರುತಿಸಿದೆ. ಇದಕ್ಕೆ ಐದು ವರ್ಷ ಹಿಂದೆ, ಉತ್ತರಾಖಂಡದ ಬಾಲಕಿಯೊಬ್ಬಳು ಪ್ಯಾರಿಸ್ ಒಪ್ಪಂದದಂತೆ ಸರ್ಕಾರ ನಡೆದುಕೊಳ್ಳಲಿ ಎಂದು ಕೇಳಿದಾಗ ಹಸಿರು ನ್ಯಾಯಮಂಡಳಿ ಅರ್ಜಿಯನ್ನು ತಳ್ಳಿಹಾಕಿತ್ತು. ಯೋಜನೆಗಳಿಗೆ ಪರಿಸರ ಅನುಮತಿ ಕೊಡುವಾಗ ಆ ಒಪ್ಪಂದವನ್ನು ಗಮನಕ್ಕೆ ತಂದುಕೊಳ್ಳುತ್ತಿಲ್ಲ ಎಂದು ಭಾವಿಸಲು ಕಾರಣವಿಲ್ಲ ಎಂಬುದು ಅದರ ನಿಲುವು. ವರ್ತೂರು ಕಣಿವೆಯಲ್ಲಿ ಎದ್ದಿರುವ ಟೆಕ್‌ಪಾರ್ಕು, ಅಪಾರ್ಟ್‌ಮೆಂಟುಗಳ ಸಾಲನ್ನು ನೋಡಿ ಈ ಭರವಸೆಯನ್ನು ತೂಗಬೇಕು. 2006ರ ಅಧಿಸೂಚನೆ 20,000 ಚದರ ಮೀಟರ್ ದಾಟಿದ ಪ್ರತಿಯೊಂದು ಕಟ್ಟಡವನ್ನೂ ಒಂದೊಂದಾಗಿ ಪರೀಕ್ಷಿಸುತ್ತದೆ. ಒಂದೊಂದೂ ನಿಯಮದಂತೆ ಸರಿಯಾಗಿದ್ದು ಎಲ್ಲವೂ ಸೇರಿ ಒಂದು ಕಣಿವೆಯನ್ನು ಮುಳುಗಿಸಬಲ್ಲವು ಎಂಬುದನ್ನು ಹಿಡಿಯುವ ಕಣ್ಣು ಆ ಪರೀಕ್ಷೆಗಿಲ್ಲ.

ದಾರಿ ತುಂಡಾಗುವ ಜಾಗವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಮೀಸಲು ಪಟ್ಟಿಯ, ನಮ್ಮವರು ಬಫರ್ ಎನ್ನುವ ಜಾಗದ, ಇತಿಹಾಸ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜಮೀನಿನಲ್ಲಿ ನಡೆಯುತ್ತಿದ್ದ ದೊಡ್ಡ ನಿರ್ಮಾಣಗಳ ವಿರುದ್ಧ ಫಾರ್ವರ್ಡ್ ಫೌಂಡೇಶನ್ ಮತ್ತಿತರರು ಹೂಡಿದ ಪ್ರಕರಣದಲ್ಲಿ, 2016ರ ಮೇ 4ರಂದು ಹಸಿರು ನ್ಯಾಯಮಂಡಳಿ ಇಡೀ ಬೆಂಗಳೂರಿಗೆ ಅನ್ವಯಿಸುವಂತೆ ಕೆರೆಯ ಸುತ್ತ 75 ಮೀಟರ್, ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 35, 25 ಮೀಟರ್ ಬಿಡಬೇಕೆಂದು ಆದೇಶಿಸಿತು. ಆಗ ಇದ್ದ 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್ ಕೆರೆಗೆ ಕೊಟ್ಟದ್ದು 30 ಮೀಟರ್. ಕಾಲುವೆಗಳಿಗೆ, ನಡುಗೆರೆಯಿಂದ ಅಳೆದು, 50, 25, 15 ಮೀಟರ್. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಈ ಸಾಮಾನ್ಯ ಆದೇಶವನ್ನು ರದ್ದು ಮಾಡಿತು. ಮಾಸ್ಟರ್ ಪ್ಲಾನ್ ಶಾಸನದ ಬಲದಿಂದ ಹುಟ್ಟಿದ್ದು, ಅದನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಅದರ ತರ್ಕ. ಪರಿಸರವಾದಿಗಳಲ್ಲಿ ಅನೇಕರಿಗೆ ಈ ತೀರ್ಪು ಕಹಿಯಾಯಿತು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಇಡೀ ನಗರದ ಭೂಬಳಕೆಯ ಗೆರೆಯನ್ನು, ಯಾರ ಅಹವಾಲನ್ನೂ ಕೇಳದೆ, ಎರಡು ಕಟ್ಟಡಗಾರರ ವ್ಯಾಜ್ಯದಲ್ಲಿ ಕುಳಿತ ಪೀಠ ಬದಲಿಸಬಾರದು. ಆದರೆ ತೀರ್ಪಿನ ಇನ್ನೊಂದು ಮುಖವೂ ಇದೆ: ಗೆರೆ ಎಳೆಯುವ ಕೆಲಸ ಶಾಸಕಾಂಗದ್ದಾದರೆ, ಹೊಸ ಮಳೆಗೆ ತಕ್ಕ ಗೆರೆ ಎಳೆಯುವ ಹೊಣೆಯೂ ಅದರದೇ. ಆ ಹೊಣೆ ಹೊತ್ತ ವಿಧಾನಮಂಡಲ 2025ರ ಆಗಸ್ಟ್‌ನಲ್ಲಿ ಮಾಡಿದ್ದೇನು? ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ, ಚಿಕ್ಕ ಕೆರೆಗಳ ಮೀಸಲು ಪಟ್ಟಿಯನ್ನು ತಗ್ಗಿಸುವ ಕೆರೆ ಸಂರಕ್ಷಣಾ ಪ್ರಾಧಿಕಾರ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ವರ್ತೂರಿನಂಥ ದೊಡ್ಡ ಕೆರೆಗೆ ಇದರಿಂದ ನೇರ ನಷ್ಟವಿಲ್ಲ ಎನ್ನಬಹುದು. ಆದರೆ ಕೆರೆಗಳು ಸರಪಳಿಯಲ್ಲಿರುತ್ತವೆ; ಮೇಲಿನ ಚಿಕ್ಕ ಕೆರೆ ಹಿಡಿಯದ ನೀರನ್ನು ಕೆಳಗಿನ ದೊಡ್ಡ ಕೆರೆ ಒಮ್ಮೆಲೇ ನುಂಗಬೇಕು.

ಇದನ್ನು ಪ್ಯಾರಿಸ್ ಒಪ್ಪಂದದ ಪಕ್ಕದಲ್ಲಿಡಿ. ಪ್ರತಿ ದೇಶದ ಮುಂದಿನ ಸಂಕಲ್ಪ ಹಿಂದಿನದಕ್ಕಿಂತ ಮುಂದಿರಬೇಕು ಎನ್ನುತ್ತದೆ ಅದರ 4ನೇ ವಿಧಿ. ಭಾರತ 2022ರ ಆಗಸ್ಟ್‌ನಲ್ಲಿ ಸಲ್ಲಿಸಿದ ಸಂಕಲ್ಪದಲ್ಲಿ ಎರಡು ಮುಖ್ಯ ಸಂಖ್ಯೆಗಳಿವೆ: 2030ರೊಳಗೆ ಆರ್ಥಿಕ ಉತ್ಪನ್ನದ ಪ್ರತಿ ಘಟಕಕ್ಕೆ ಹೊಮ್ಮುವ ಅನಿಲವನ್ನು 2005ಕ್ಕಿಂತ ಶೇ. 45 ಇಳಿಸುವುದು, ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಶೇ. 50ನ್ನು ಕಲ್ಲಿದ್ದಲು, ತೈಲ, ಅನಿಲಗಳಿಂದಾಚೆಯ ಮೂಲಗಳಿಂದ ಪಡೆಯುವುದು. ಎರಡನೆಯ ಗುರಿ 2025ರ ಮಧ್ಯದಲ್ಲೇ, ಐದು ವರ್ಷ ಮುಂಚೆ, ಮುಟ್ಟಿತು. ಅದಕ್ಕೊಂದು ಸಂಖ್ಯೆ ಇತ್ತು, ಒಂದು ಸಚಿವಾಲಯ ಇತ್ತು, ಹಣ ಹೂಡುವವರಿಗೆ ಲಾಭವೂ ಇತ್ತು. ಅದೇ ಸಂಕಲ್ಪದಲ್ಲಿ ಹೊಂದಾಣಿಕೆಯ ಬಗ್ಗೆ ಒಂದು ವಾಕ್ಯವಿದೆ. ಕೃಷಿ, ಜಲಸಂಪನ್ಮೂಲ, ಹಿಮಾಲಯ, ಕರಾವಳಿ, ಆರೋಗ್ಯ, ವಿಪತ್ತು ನಿರ್ವಹಣೆಯಲ್ಲಿ ಹೂಡಿಕೆ ಹೆಚ್ಚಿಸುವುದಾಗಿ ಅದು ಹೇಳುತ್ತದೆ. ಅದರಲ್ಲಿ ಸಂಖ್ಯೆಯಿಲ್ಲ, ವರ್ಷವಿಲ್ಲ; ನಗರವೂ ಇಲ್ಲ. ಹಿಂಜರಿಯಬಾರದೆಂಬ ನಿಯಮ ಹೊಗೆಗೆ ಅನ್ವಯವಾಯಿತು, ನೀರಿಗೆ ಆಗಲಿಲ್ಲ. ಒಂದು ರಾಜ್ಯ ತನ್ನ ಕೆರೆಯ ಗೆರೆಯನ್ನು ಹಿಂದಕ್ಕೆ ಸರಿಸಿದರೆ ದೇಶದ ಸಂಕಲ್ಪ ಪತ್ರದಲ್ಲಿ ಒಂದಕ್ಷರವೂ ಅಲುಗುವುದಿಲ್ಲ.

ಎರಡನೆಯ ಆಕ್ಷೇಪ ನೈತಿಕವಾದುದು. ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಸಿರಿವಂತರಾದ ದೇಶಗಳು ತಮ್ಮ ಪಾಲಿನ ಹಣ ಕೊಡದಿರುವಾಗ, ತಲಾ ಹೊರಸೂಸುವಿಕೆಯಲ್ಲಿ ಜಗತ್ತಿನ ಸರಾಸರಿಯ ಅರ್ಧವನ್ನೂ ಮುಟ್ಟದ ಭಾರತ ಅಂತರರಾಷ್ಟ್ರೀಯ ಹೊಣೆಯನ್ನು ತಾನಾಗಿ ಮೈಮೇಲೆ ಎಳೆದುಕೊಳ್ಳಬೇಕೆ? 2024ರ ಡಿಸೆಂಬರ್‌ನಲ್ಲಿ ಹೇಗ್‌ನಲ್ಲಿ ಭಾರತ ವಾದಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ಈಗಿರುವ ಒಪ್ಪಂದಗಳಾಚೆಗೆ ಹೊಸ ಹೊಣೆಗಳನ್ನು ನ್ಯಾಯಾಲಯ ಸೃಷ್ಟಿಸದಿರಲಿ, ಚಾರಿತ್ರಿಕ ಹೊಣೆ ಮರೆಯದಿರಲಿ. ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದು ಒಪ್ಪಿದಾಗ ಅದು ಸಾಲದೆಂದು ಭಾರತ ಸಿಡಿದೆದ್ದದ್ದೂ ನ್ಯಾಯವೇ. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಪ್ಯಾರಿಸ್ ಒಪ್ಪಂದದಿಂದ ಎರಡನೆಯ ಸಲ ಹೊರನಡೆಯಲು ಸಹಿ ಹಾಕಿದ ಮೇಲೆ ಈ ಆಕ್ಷೇಪಕ್ಕೆ ಇನ್ನಷ್ಟು ಬಲ ಬಂದಿದೆ. ಆದರೂ ಈ ವಾದ ವರ್ತೂರಿಗೆ ಬಂದು ತನ್ನ ಗಡಿ ಮುಟ್ಟುತ್ತದೆ. ಸಾಮಾನ್ಯವಾದರೂ ಭಿನ್ನವಾದ ಹೊಣೆ ಎಂಬ ತತ್ವ ಇರುವುದು ದೇಶ ದೇಶಗಳ ನಡುವೆ ಭಾರ ಹಂಚಲು. ತನ್ನದೇ ಪ್ರಜೆಗೆ ಒಂದು ಸರ್ಕಾರ ಸಲ್ಲಿಸಬೇಕಾದ್ದನ್ನು ಅದು ಕಡಿಮೆ ಮಾಡುವುದಿಲ್ಲ. ಕಾಲುವೆ ತೆರವು ಮಾಡದಿರಲು ಲಂಡನ್ನಿನ ಹಳೆಯ ಹೊಗೆ ಕಾರಣವಾಗದು. ಅದೇ ತತ್ವವನ್ನು ಊರೊಳಗೂ ತಂದರೆ ಇನ್ನಷ್ಟು ಮುಜುಗರದ ಪ್ರಶ್ನೆಗಳೇಳುತ್ತವೆ. ತೂಬರಹಳ್ಳಿ, ಮುನ್ನೇಕೊಳಲು ಕಡೆಯ ತಗಡಿನ ಶೆಡ್ಡುಗಳಲ್ಲಿ ಇದ್ದುಕೊಂಡು ಅಪಾರ್ಟ್‌ಮೆಂಟುಗಳ ಮನೆಗೆಲಸಕ್ಕೂ ಕಸ ವಿಂಗಡಿಸುವುದಕ್ಕೂ ಹೋಗುವ ವಲಸಿಗರ ತಲಾ ಹೊರಸೂಸುವಿಕೆ ಎಷ್ಟಿದ್ದೀತು? 2022ರ ಪ್ರವಾಹದಲ್ಲಿ ಪತ್ರಿಕೆಗಳ ಮುಖಪುಟ ಸೇರಿದ್ದು ವಿಲ್ಲಾಗಳ ಮುಂದೆ ಮುಳುಗಿದ ಕಾರುಗಳು, ಈ ಶೆಡ್ಡುಗಳಲ್ಲ. ಹೇಗ್‌ನಲ್ಲಿ ಭಾರತ ಕೇಳುವ ನ್ಯಾಯವನ್ನು ಈ ಶೆಡ್ಡುಗಳು ಭಾರತದಿಂದ ಕೇಳಬಹುದಲ್ಲವೆ?

ಕಾನೂನು ಈಗಾಗಲೇ ಬೇಕಾದಷ್ಟಿದೆ, ಜಾರಿಯಾಗುತ್ತಿಲ್ಲ ಅಷ್ಟೇ ಎನ್ನುವುದು ಮೂರನೆಯ ಆಕ್ಷೇಪ. ಹೊಳೆ-ಕೆರೆಗೆ ಕೊಳಚೆ ಬಿಡಬಾರದೆಂದು 1974ರ ಜಲ ಕಾಯ್ದೆಯೇ ಹೇಳಿದೆ. ಮತ್ತೊಂದು ಕಾಯ್ದೆ ಯಾವ ಪವಾಡ ಮಾಡೀತು? ಈ ಮಾತಿನಲ್ಲಿ ಕಾಲಂಶಕ್ಕಿಂತ ಹೆಚ್ಚು ಸತ್ಯವಿದೆ. ಆದರೆ ಜಾರಿ ಏಕಾಗುವುದಿಲ್ಲ ಎಂದು ಕೇಳಿದರೆ ಮತ್ತೆ ಕಾನೂನಿನ ರಚನೆಗೇ ಬಂದು ನಿಲ್ಲುತ್ತೇವೆ. ವರ್ತೂರು ಕೆರೆಯ ಹೂಳೆತ್ತುವುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಪಾಲಿಗೆ ಬಂದಿದೆ, ಅದಕ್ಕೆ ಬರುವ ಕೊಳಚೆ ಜಲಮಂಡಳಿಯದು, ರಾಜಕಾಲುವೆ ಪಾಲಿಕೆಯದು, ಒತ್ತುವರಿಯ ಸರ್ವೆ ಕಂದಾಯ ಇಲಾಖೆಯದು, ನೀರಿನ ಗುಣಮಟ್ಟ ಮಾಲಿನ್ಯ ನಿಯಂತ್ರಣ ಮಂಡಳಿಯದು, ಸಂಸ್ಕರಿಸಿದ ನೀರನ್ನು ಕೋಲಾರಕ್ಕೆ ಒಯ್ಯುವುದು ಸಣ್ಣ ನೀರಾವರಿ ಇಲಾಖೆಯದು. ಎಲ್ಲರೂ ತಪ್ಪಿತಸ್ಥರಾದ ಕಡೆ ಯಾರೂ ತಪ್ಪಿತಸ್ಥರಲ್ಲ. 2023ರ ನವೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಹೊರತಂದ ಹವಾಮಾನ ಕ್ರಿಯಾ ಯೋಜನೆ 2050ಕ್ಕೆ ನಿವ್ವಳ ಶೂನ್ಯದ ಗುರಿ ಇಟ್ಟುಕೊಂಡಿತು, ಒಳ್ಳೆಯ ದಾಖಲೆಯೇ. ಅದರ ಬೆನ್ನಿಗೆ ಶಾಸನವಿಲ್ಲ. ಹೊರತಂದ ಸಂಸ್ಥೆಯೇ ಎರಡು ವರ್ಷದೊಳಗೆ ಇಲ್ಲವಾಯಿತು: ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದು, ಮಹದೇವಪುರದೊಂದಿಗೆ ವರ್ತೂರು ಪೂರ್ವ ಪಾಲಿಕೆಗೆ ಸೇರಿತು. 2008ರವರೆಗೆ ವರ್ತೂರೆಂಬ ವಿಧಾನಸಭಾ ಕ್ಷೇತ್ರವೇ ಇತ್ತು. ಆಮೇಲೆ ಅದೂ ಹೋಯಿತು. ಆಡಳಿತದ ಗೆರೆಗಳು ಹೀಗೆ ದಶಕಕ್ಕೊಮ್ಮೆ ಅಳಿಸಿ ಬರೆಯಲ್ಪಡುತ್ತವೆ, ಕಣಿವೆ ಮಾತ್ರ ಇದ್ದಲ್ಲೇ ಇದೆ. ಈಗ ಈ ಕಣಿವೆಯ ತಲೆ ಒಂದು ಪಾಲಿಕೆಯಲ್ಲಿ, ಕೋಡಿ ಇನ್ನೊಂದರಲ್ಲಿ. ಬಡದೇಶಗಳಿಗೆ ಹವಾಮಾನ ಕಾನೂನು ಐಷಾರಾಮ ಎನ್ನುವವರು ಕೆನ್ಯಾದ 2016ರ ಕಾಯ್ದೆಯನ್ನು ನೋಡಬಹುದು. ಜಿಲ್ಲೆಗಳಂಥ ಅಲ್ಲಿನ ಕೌಂಟಿಗಳು ತಮ್ಮ ಅಭಿವೃದ್ಧಿ ಯೋಜನೆಯೊಳಗೇ ಹವಾಮಾನ ಕ್ರಮಗಳನ್ನು ಸೇರಿಸಬೇಕೆಂದು ಅದು ವಿಧಿಸುತ್ತದೆ. ಫಿಲಿಪ್ಪೀನ್ಸ್ 2009ರಲ್ಲೇ ಸ್ಥಳೀಯ ಸಂಸ್ಥೆಗಳಿಗೆ ಅಂಥ ಯೋಜನೆ ಕಡ್ಡಾಯ ಮಾಡಿತು. ನಮ್ಮ ಸಂವಿಧಾನದಲ್ಲಿ ಭೂಮಿ, ನೀರು, ನೈರ್ಮಲ್ಯ, ಸ್ಥಳೀಯ ಆಡಳಿತ ನಾಲ್ಕೂ ರಾಜ್ಯಪಟ್ಟಿಯಲ್ಲಿವೆ. ದೆಹಲಿಯ ದಾರಿ ಕಾಯುವ ಅಗತ್ಯ ಕರ್ನಾಟಕಕ್ಕಿಲ್ಲ.

ಕೋಡಿಯ ಕೆಳಗೆ ಹೋದರೆ ಅಂತರರಾಷ್ಟ್ರೀಯ ಕಾನೂನು ಇನ್ನೂ ಹತ್ತಿರ ಬರುತ್ತದೆ. ಹಾನಿ ತಡೆಯುವ ಹೊಣೆ ಎಂಬ ತತ್ವಕ್ಕೆ ಎಲ್ಲರೂ ಉದಾಹರಿಸುವುದು ಟ್ರೇಲ್ ಸ್ಮೆಲ್ಟರ್ ಪ್ರಕರಣವನ್ನು. ಕೆನಡಾದ ಲೋಹ ಕರಗಿಸುವ ಕಾರ್ಖಾನೆಯ ಹೊಗೆ ಅಮೆರಿಕದ ರೈತರ ಹೊಲ ಸುಟ್ಟಾಗ, ತನ್ನ ನೆಲವನ್ನು ನೆರೆಯವನಿಗೆ ಕೇಡಾಗುವಂತೆ ಬಳಸುವ ಹಕ್ಕು ಯಾವ ದೇಶಕ್ಕೂ ಇಲ್ಲ ಎಂದು 1941ರಲ್ಲಿ ಪಂಚಾಯ್ತಿ ಪೀಠ ತೀರ್ಮಾನಿಸಿತು. ವರ್ತೂರಿನಿಂದ ಹೊರಟ ನೀರು ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟೆ ಸೇರುತ್ತದೆ. ಅಲ್ಲಿಯೂ ನೊರೆ ಏಳುತ್ತದೆ. ದಕ್ಷಿಣ ಪಿನಾಕಿನಿಯ ಬಗ್ಗೆ ಎರಡು ರಾಜ್ಯಗಳ ನಡುವೆ ಸುಪ್ರೀಂ ಕೋರ್ಟಿನವರೆಗೆ ಹೋದ ವ್ಯಾಜ್ಯವಿದೆ. ಅದರ ಹಿಂದೆ ಮೈಸೂರು–ಮದರಾಸುಗಳ 1892ರ ಒಪ್ಪಂದವಿದೆ. ಆ ಒಪ್ಪಂದದಿಂದ ಇಂದಿನ ವ್ಯಾಜ್ಯದವರೆಗೆ ಚರ್ಚೆಯೆಲ್ಲ ಎಷ್ಟು ನೀರು ಎಂಬುದರ ಸುತ್ತಲೇ. ಎಂಥ ನೀರು ಎಂಬ ಪ್ರಶ್ನೆಗೆ ಅಲ್ಲಿ ಜಾಗ ಸಿಕ್ಕಿದ್ದು ಕಡಿಮೆ. ಇನ್ನೊಂದು ದಿಕ್ಕಿನಲ್ಲಿ ಕೋಲಾರವಿದೆ. ಕೋರಮಂಗಲ–ಚಲ್ಲಘಟ್ಟ (ಕೆ.ಸಿ. ವ್ಯಾಲಿ) ಯೋಜನೆಯಲ್ಲಿ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿತ ನೀರನ್ನು ಕೋಲಾರ ಭಾಗದ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಉದ್ದೇಶ; 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಯಿತು. ಬರಡಾದ ಜಿಲ್ಲೆಯಲ್ಲಿ ಅಂತರ್ಜಲ ಮೇಲೆದ್ದದ್ದು ಸಣ್ಣ ಮಾತಲ್ಲ, ಹವಾಮಾನ ಹೊಂದಾಣಿಕೆಗೆ ಇದಕ್ಕಿಂತ ದೊಡ್ಡ ಉದಾಹರಣೆ ರಾಜ್ಯದಲ್ಲಿ ಸಿಗುವುದೂ ಅಪರೂಪ. ಆದರೆ ಎರಡನೆಯ ಹಂತದ ಸಂಸ್ಕರಣೆ ಸಾಕೆ, ಮೂರನೆಯ ಹಂತ ಬೇಡವೆ ಎಂದು ಕೋಲಾರದವರು ಅಂದಿನಿಂದ ಕೇಳುತ್ತಿದ್ದಾರೆ. ಒಂದು ಊರಿನ ಪರಿಹಾರ ಇನ್ನೊಂದು ಊರಿನ ತೊಂದರೆಯಾಗಬಾರದೆಂಬುದನ್ನು ಕಾನೂನು ಹೇಳದಿದ್ದರೆ ಅದನ್ನು ಬೀದಿಗಿಳಿದು ಹೇಳಬೇಕಾಗುತ್ತದೆ.

ಕೊನೆಯ ಆಕ್ಷೇಪ ಭೂಮಾಲೀಕರದು, ಅದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮೀಸಲು ಪಟ್ಟಿಯನ್ನು ಅಗಲ ಮಾಡಿದರೆ ಹೋಗುವುದು ಯಾರ ಜಮೀನು? ದೊಡ್ಡ ಕಂಪನಿಗಳು ಕಟ್ಟಿ ಮುಗಿಸಿಯಾಗಿದೆ; ಉಳಿದಿರುವುದು ಬಹುಪಾಲು ಕಾಲುವೆಯ ಪಕ್ಕದ ಅರ್ಧ ಎಕರೆ, ಒಂದು ಎಕರೆಯ ಹಳೆಯ ಹಿಡುವಳಿದಾರರು. ಪಕ್ಕದ ಸರ್ವೆ ನಂಬರಿನವನು ಅಪಾರ್ಟ್‌ಮೆಂಟಿಗೆ ಜಮೀನು ಕೊಟ್ಟು ದುಡ್ಡು ಎಣಿಸುವಾಗ, ತನ್ನದು ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಬ್ಬ ರೈತ ಇಡೀ ನಗರದ ಪರವಾಗಿ ಪ್ರವಾಹ ತಡೆಯಬೇಕೆಂದರೆ ಅದು ಅನ್ಯಾಯವೇ. 2025ರ ಮಸೂದೆಯ ಹಿಂದೆ ಇರುವ ಒತ್ತಡದಲ್ಲಿ ಇಂಥವರ ನೋವೂ ಒಂದಿಷ್ಟು ಸೇರಿದೆ. ಆದರೆ ಅದಕ್ಕೆ ಮದ್ದು ಗೆರೆಯನ್ನು ಸರಿಸುವುದಲ್ಲ, ಬೆಲೆ ಕಟ್ಟಿಕೊಡುವುದು. ರಸ್ತೆ ಅಗಲ ಮಾಡಲು ಜಮೀನು ಬಿಟ್ಟವರಿಗೆ ಅಭಿವೃದ್ಧಿ ಹಕ್ಕಿನ ಪತ್ರ, ಎಲ್ಲರ ಬಾಯಲ್ಲಿರುವ ಟಿಡಿಆರ್, ಕೊಡುವ ಅವಕಾಶ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಬಿ ಕಲಮಿನಲ್ಲಿದೆ. ರಸ್ತೆಗೆ ಬಿಟ್ಟ ನೆಲಕ್ಕೆ ಬೆಲೆಯಿದ್ದರೆ ನೀರಿಗೆ ಬಿಟ್ಟ ನೆಲಕ್ಕೂ ಇರಬೇಕು. ಹಣ ಎಲ್ಲಿಂದ ಎಂದರೆ, ಕಣಿವೆಯಲ್ಲಿ ನೆಲ ಮುಚ್ಚಿದವರಿಂದ, ಮುಚ್ಚಿದ ಚದರ ಮೀಟರಿಗೆ ಇಷ್ಟು ಎಂದು. ಕೆಡಿಸಿದವನೇ ತೆರಬೇಕೆಂದು 1996ರಲ್ಲೇ ಕಾನೂನಾಗಿರುವ ತತ್ವದ ಸರಳ ಅನ್ವಯ ಇದು. ರಾಜ್ಯ ಹವಾಮಾನ ಕಾಯ್ದೆಯೊಂದು ಬರುವುದಾದರೆ ನಾನು ಅದರಲ್ಲಿ ಮೊದಲು ಹುಡುಕುವುದು 2050ರ ಗುರಿಯನ್ನಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಗೆಂದೇ ಹೆಸರಿಸಿದ ಒಬ್ಬ ಅಧಿಕಾರಿ ಇದ್ದಾನೆಯೆ, ಐದು ಪಾಲಿಕೆಗಳ ಗಡಿ ಮೀರಿ ಅವನ ಮಾತು ನಡೆಯುತ್ತದೆಯೆ, ಒಮ್ಮೆ ಎಳೆದ ಗೆರೆಯನ್ನು ಹಿಂದಕ್ಕೆ ಸರಿಸಬೇಕಾದರೆ ಮಳೆಯ ಲೆಕ್ಕವನ್ನು ಸದನದ ಮುಂದಿಡಬೇಕೆಂಬ ಷರತ್ತಿದೆಯೆ, ವರ್ತೂರು ಕೋಡಿಯಲ್ಲಿಯೂ ತಮಿಳುನಾಡಿನ ಗಡಿಯಲ್ಲಿಯೂ ನೀರನ್ನು ಅಳೆದು ತಿಂಗಳಿಗೊಮ್ಮೆ ಪ್ರಕಟಿಸಬೇಕೆಂದಿದೆಯೆ, ಆ ಅಂಕಿ ತಪ್ಪಿದರೆ ನ್ಯಾಯಾಲಯಕ್ಕೆ ಹೋಗುವ ಹಕ್ಕು ಕೋಡಿಯ ಕೆಳಗಿನವರಿಗೂ, ಶೆಡ್ಡಿನಲ್ಲಿರುವವರಿಗೂ ಇದೆಯೆ ಎಂದು ನೋಡುತ್ತೇನೆ.